ಗಡ್ಡ ಕಟ್ಟಿಕೊಂಡ ರಾಣಿ

ಈಜಿಪ್ಟ್ ಎಂದೊಡನೆ ನಮಗೆಲ್ಲ ನೆನಪಾಗುವುದು ಪಿರಮಿಡ್ಡು, ಮಮ್ಮಿ ಮತ್ತು ನೈಲ್ ನದಿ. ಇವುಗಳ ಜೊತೆಗೆ ಯಾರಾದರೂ ಕ್ಲಿಯೋಪಾತ್ರಳ ಹೆಸರು ಸೇರಿಸಿದರೆ ಅವರು ನಾಲ್ಕು ಪುಸ್ತಕ ಹೆಚ್ಚಿಗೆ ಓದಿದವರು ಎಂದು ತಿಳಿಯಬೇಕು. ಶಾಲೆಯ ಪುಸ್ತಕದಲ್ಲಿ ಎರಡು ಪೀರಿಯಡ್ಡಿನಲ್ಲಿ ಮುಗಿಯುವ ಪಾಠ ಅದು. "ನೈಲ್ ನದಿಯ ವರಪ್ರಸಾದ ಯಾವುದು?" ಎಂಬ ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆಯಿಸಿಬಿಟ್ಟರೆ ಮೂರು ಸಾವಿರ ವರ್ಷಗಳ ಚರಿತ್ರೆ ಮುಗಿದಂತೆ. ಹಾಗೆ ನೋಡಿದರೆ ಆ ನಾಡಿನವರು ಕಟ್ಟಿದ ಅತಿ ದೊಡ್ಡ ವಸ್ತು ಪಿರಮಿಡ್ಡಲ್ಲ, ರಾಜ ಎನ್ನುವ ಕಲ್ಪನೆ. ಕ್ರಿ.ಪೂ. 3100ರ ಸುಮಾರಿನಿಂದ ಕ್ರಿ.ಪೂ. 30ರವರೆಗೆ, ನಡುವೆ ಎಷ್ಟೇ ದಂಗೆ, ಬರ, ಪರರ ದಾಳಿ ಬಂದರೂ, ಆ ಕಲ್ಪನೆ ಮಾತ್ರ ಉಳಿದುಕೊಂಡು ಬಂತು.

ಅವರ ನಂಬಿಕೆಯಲ್ಲಿ ರಾಜನೆಂದರೆ ಬರಿಯ ಆಳುವವನಲ್ಲ. ಓಸಿರಿಸ್ ಎಂಬ ದೇವರು ಮೊದಲು ಈ ಭೂಮಿಯನ್ನು ಆಳುತ್ತಿದ್ದನಂತೆ. ಅವನ ತಮ್ಮ ಸೆತ್ ದಾಯಾದಿ ಮತ್ಸರದಿಂದ ಅವನನ್ನು ಕೊಂದನು. ಹೆಂಡತಿ ಐಸಿಸ್ ಅಲೆದಾಡಿ ಗಂಡನ ದೇಹವನ್ನು ಹುಡುಕಿ, ಮಂತ್ರಶಕ್ತಿಯಿಂದ ಅವನಿಂದಲೇ ಹೋರಸ್ ಎಂಬ ಮಗನನ್ನು ಪಡೆದು, ಜೊಂಡಿನ ಪೊದೆಗಳ ನಡುವೆ ಬಚ್ಚಿಟ್ಟು ಸಾಕಿದಳು. ಹೋರಸ್ ಬೆಳೆದು ಚಿಕ್ಕಪ್ಪನೊಡನೆ ವ್ಯಾಜ್ಯ ಹೂಡಿ ಗೆದ್ದು ಸಿಂಹಾಸನವೇರಿದ. ಓಸಿರಿಸ್ ಪರಲೋಕದ ಒಡೆಯನಾದ. ಈಜಿಪ್ಟಿನ ಪ್ರತಿಯೊಬ್ಬ ರಾಜನೂ ಬದುಕಿರುವಾಗ ಹೋರಸ್, ಸತ್ತ ಮೇಲೆ ಓಸಿರಿಸ್. ರಾಜರು ಬದಲಾಗುತ್ತಿದ್ದರು, ಕಥೆ ಮಾತ್ರ ಅದೇ.

ಇದರಿಂದ ಒಂದು ವಿಚಿತ್ರ ಫಲ ಉಂಟಾಯಿತು. ತಂದೆಗೆ ಕ್ರಿಯಾವಿಧಿ ನಡೆಸಿದವನೇ ಹೋರಸ್. ಅಂದರೆ ಹಿಂದಿನ ರಾಜನನ್ನು ಸರಿಯಾಗಿ ಮಣ್ಣು ಮಾಡಿದವನಿಗೇ ಪಟ್ಟ. ನಮ್ಮಲ್ಲಿ ಪಿಂಡ ಹಾಕುವವನಿಗೆ ಆಸ್ತಿ ಎನ್ನುವುದಿಲ್ಲವೇ, ಹಾಗೆ. ಟುಟಾಂಖಾಮುನ್ ಎಂಬ ಎಳೆಯ ರಾಜನ ಸಮಾಧಿಯನ್ನು 1922ರಲ್ಲಿ ಹೊವರ್ಡ್ ಕಾರ್ಟರ್ ತೆರೆದಾಗ ಒಳಗಿನ ಗೋಡೆಯ ಮೇಲೆ ಒಂದು ಚಿತ್ರವಿತ್ತು. ಚಿರತೆಯ ಚರ್ಮ ಹೊದ್ದ ಒಬ್ಬ ಮನುಷ್ಯ ಬಾಚಿಯಂಥ ಉಪಕರಣವನ್ನು ಹಿಡಿದು ಸತ್ತ ರಾಜನ ಬಾಯಿ ತೆರೆಸುವ ವಿಧಿ ಮಾಡುತ್ತಿದ್ದಾನೆ. ಅವನು ಮಗನಲ್ಲ, ತಮ್ಮನಲ್ಲ; ಆಯ್ ಎಂಬ ವೃದ್ಧ ಅಧಿಕಾರಿ. ಆ ಒಂದು ವಿಧಿಯ ಬಲದಿಂದ ಮುಂದಿನ ರಾಜ ಅವನೇ ಎಂದು ಚಿತ್ರ ಸಾರುತ್ತಿತ್ತು.

ಎಂಟನೆಯ ತರಗತಿಯಲ್ಲಿ ಈ ಕಥೆ ಹೇಳಿದ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ರಾಜನಿಗೆ ಹೆಣ್ಣು ಮಗಳು ಮಾತ್ರ ಇದ್ದರೆ?" ಎಂದು ಕೇಳಿದಳು. ಅವರ ಮನೆಯಲ್ಲಿ ಮೂವರೂ ಹೆಣ್ಣು ಮಕ್ಕಳೇ. ಆ ಪ್ರಶ್ನೆ ಈಜಿಪ್ಟಿನದಷ್ಟೇ ಅಲ್ಲ ಎಂದು ನನಗೆ ಗೊತ್ತಾಯಿತು. ಪಠ್ಯದಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಈ ಬರಹ.

ಹೆಣ್ಣು ಪಟ್ಟವೇರಬಾರದು ಎಂಬ ಲಿಖಿತ ಶಾಸನ ಈಜಿಪ್ಟಿನಲ್ಲಿ ಸಿಕ್ಕಿಲ್ಲ. ಆದರೆ ಹೋರಸ್ ಎನ್ನುವುದು ಗಂಡು ದೇವರ ಹೆಸರು. ಪಟ್ಟದ ಹೆಸರುಗಳು, ಪೂಜೆಯ ವಿಧಿಗಳು, ಉಡುಗೆ ತೊಡುಗೆ ಎಲ್ಲವೂ ಗಂಡಿನ ಅಳತೆಗೆ ಹೊಲಿದದ್ದು. ಹಿಂದೆ ಕೆಲವು ವಿದ್ವಾಂಸರು, ಈಜಿಪ್ಟಿನಲ್ಲಿ ಪಟ್ಟದ ಹಕ್ಕು ರಾಜಕುಮಾರಿಯರ ಮೂಲಕ ಹರಿಯುತ್ತಿತ್ತು, ಅದಕ್ಕೇ ರಾಜರು ತಮ್ಮ ಸೋದರಿಯರನ್ನೇ ಮದುವೆಯಾಗುತ್ತಿದ್ದರು ಎಂದು ವಾದಿಸಿದ್ದರು. ಈಗ ಆ ವಾದ ನಿಲ್ಲುವುದಿಲ್ಲ. ಮೂರನೆಯ ಅಮೆನ್‌ಹೋಟೆಪ್ ಎಂಬ ವೈಭವಶಾಲಿ ರಾಜನ ಪಟ್ಟದರಸಿ ತಿಯಿ ರಾಜವಂಶದವಳೇ ಅಲ್ಲ; ಅವಳ ತಂದೆ ತಾಯಿ ಯುಯಾ, ತುಯಾ ಎಂಬವರು. ಸೋದರಿಯನ್ನು ವರಿಸುವುದು ಓಸಿರಿಸ್ ಮತ್ತು ಐಸಿಸ್ ದೇವತೆಗಳ ಅನುಕರಣೆ; ಅವರು ಅಣ್ಣ ತಂಗಿಯರೂ ಹೌದು, ಗಂಡ ಹೆಂಡಿರೂ ಹೌದು. ಓದುವಾಗ ನಮಗೆ ಕಸಿವಿಸಿಯಾಗುತ್ತದೆ, ಆದರೆ ಅಲ್ಲಿ ಅದು ದೈವಿಕತೆಯ ಗುರುತು.

ತಮ್ಮ ಹೆಣ್ಣು ಮಕ್ಕಳನ್ನು ಈ ರಾಜರು ಹೊರಗೆ ಕೊಡುತ್ತಲೂ ಇರಲಿಲ್ಲ. ಬ್ಯಾಬಿಲೋನಿಯದ ರಾಜನೊಬ್ಬ ಈಜಿಪ್ಟಿನ ರಾಜಕುಮಾರಿಯನ್ನು ಬೇಡಿದಾಗ, ಅನಾದಿಯಿಂದಲೂ ನಮ್ಮ ರಾಜನ ಮಗಳನ್ನು ಯಾರಿಗೂ ಕೊಟ್ಟ ರೂಢಿಯಿಲ್ಲ ಎಂಬ ಉತ್ತರ ಬಂದ ಸಂಗತಿ ಅಮರ್ನಾದಲ್ಲಿ ಸಿಕ್ಕ ಮಣ್ಣಿನ ಹಲಗೆಯ ಪತ್ರದಲ್ಲಿದೆ. ತರುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ಬ್ಯಾಬಿಲೋನಿಯ, ಮಿತನ್ನಿ ಮುಂತಾದ ಕಡೆಗಳಿಂದ ರಾಜಕುಮಾರಿಯರು ಬಂದು ಅಂತಃಪುರ ಸೇರುತ್ತಿದ್ದರು. ಅಂತಃಪುರ ತುಂಬಿದ ಕಡೆ ಸವತಿ ಮಾತ್ಸರ್ಯ ಇಲ್ಲದೆ ಇದ್ದೀತೆ? ಕ್ರಿ.ಪೂ. 1155ರ ಸುಮಾರಿಗೆ ಮೂರನೆಯ ರಾಮ್ಸೆಸನ ರಾಣಿಯರಲ್ಲಿ ಒಬ್ಬಳಾದ ತಿಯೆ ತನ್ನ ಮಗ ಪೆಂಟವೆರೆಗೆ ಪಟ್ಟ ಕಟ್ಟಿಸಲು ಗಂಡನ ವಿರುದ್ಧವೇ ಸಂಚು ಹೂಡಿದಳು. ವಿಚಾರಣೆಯ ಕಾಗದಪತ್ರಗಳು ಪಪೈರಸ್ಸಿನ ಮೇಲೆ ಇಂದಿಗೂ ಉಳಿದಿವೆ. ರಾಜ ಸತ್ತನೋ ಬದುಕಿದನೋ ಎಂಬುದು ಬಹುಕಾಲ ಗೊತ್ತಿರಲಿಲ್ಲ. 2012ರಲ್ಲಿ ಅವನ ಮಮ್ಮಿಯನ್ನು ಸ್ಕ್ಯಾನ್ ಮಾಡಿದ ವಿವರ ಪ್ರಕಟವಾದಾಗ ಬಟ್ಟೆಯ ಪಟ್ಟಿಗಳ ಕೆಳಗೆ ಅವನ ಕುತ್ತಿಗೆ ಆಳವಾಗಿ ಕೊಯ್ದಿದ್ದುದು ತಿಳಿಯಿತು. ಆದರೂ ಪಟ್ಟ ತಿಯೆಯ ಮಗನಿಗೆ ಸಿಗಲಿಲ್ಲ.

ಹೆಣ್ಣು ಮಕ್ಕಳ ಪಾಲು ಬರಿಯ ಸಂಚಿನದಲ್ಲ. ಮೊದಲನೆಯ ರಾಜವಂಶದ ಮೆರ್ನೈತ್ ಎಂಬವಳ ಸಮಾಧಿ ಅಬೈಡೋಸಿನಲ್ಲಿ ರಾಜರ ಸಮಾಧಿಗಳ ನಡುವೆಯೇ ಇದೆ. ಮಗ ಚಿಕ್ಕವನಾದ್ದರಿಂದ ಅವಳೇ ರಾಜ್ಯ ನಡೆಸಿರಬೇಕು. ಕ್ರಿ.ಪೂ. 1800ರ ಸುಮಾರಿನಲ್ಲಿ ಸೊಬೆಕ್‌ನೆಫೆರು ಪಟ್ಟದ ಬಿರುದುಗಳನ್ನೆಲ್ಲ ಧರಿಸಿ ನಾಲ್ಕು ವರ್ಷಕ್ಕೆ ತುಸು ಕಡಿಮೆ ಕಾಲ ಆಳಿದಳು; ಅವಳೊಂದಿಗೆ ಹನ್ನೆರಡನೆಯ ರಾಜವಂಶ ಮುಗಿಯಿತು. ಹಿಕ್ಸೋಸರೆಂಬ ಪರಕೀಯರನ್ನು ಓಡಿಸುವ ಹೋರಾಟದ ಕಾಲದಲ್ಲಿ ಆಹ್‌ಹೋಟೆಪ್ ಎಂಬ ರಾಜಮಾತೆ ಚದುರಿದ ಸೈನಿಕರನ್ನು ಒಟ್ಟುಗೂಡಿಸಿ ನಾಡನ್ನು ಕಾಯ್ದಳೆಂದು ಅವಳ ಮಗ ಅಹ್ಮೋಸ್ ಕಾರ್ನಾಕಿನಲ್ಲಿ ಕಲ್ಲಿನ ಮೇಲೆ ಬರೆಸಿದ. ಮನೆಗೆ ಬೆಂಕಿ ಬಿದ್ದಾಗ ಕೊಡ ಹಿಡಿದು ಓಡುವವಳು ಹೆಣ್ಣು. ಬೆಂಕಿ ಆರಿದ ಮೇಲೆ ಜಗಲಿಯ ಮೇಲೆ ಕೂರುವವನು ಗಂಡು. ಇದು ಎಲ್ಲ ಕಾಲದ ಲೋಕರೂಢಿ.

ಆ ರೂಢಿಯನ್ನು ಮೀರಿ ಜಗಲಿಯ ಮೇಲೆಯೇ ಕುಳಿತವಳು ಹಾತ್‌ಶೆಪ್ಸುತ್. ಅವಳ ಹೆಸರಿಗೆ 'ಕುಲೀನ ಸ್ತ್ರೀಯರಲ್ಲಿ ಮೊದಲಿಗಳು' ಎಂದು ಅರ್ಥ.

ಅವಳ ತಂದೆ ಒಂದನೆಯ ಥುತ್ಮೋಸ್, ತಾಯಿ ಪಟ್ಟದರಸಿ ಅಹ್ಮೋಸ್. ಈ ಥುತ್ಮೋಸ್ ತನ್ನ ಹಿಂದಿನ ರಾಜನ ಮಗನಲ್ಲ ಎಂಬುದನ್ನು ಮರೆಯಬಾರದು. ಅವನಿಗೆ ಮುತ್‌ನೊಫ್ರೆತ್ ಎಂಬ ಕಿರಿಯ ಹೆಂಡತಿಯಲ್ಲಿ ಹುಟ್ಟಿದ ಮಗ ಎರಡನೆಯ ಥುತ್ಮೋಸನಾದ. ಹಾತ್‌ಶೆಪ್ಸುತ್‌ಳನ್ನು ಈ ಮಲಸೋದರನಿಗೆ ಕೊಟ್ಟು ಮದುವೆ ಮಾಡಿದರು. ಅವರಿಗೆ ಹುಟ್ಟಿದ್ದು ನೆಫೆರುರೆ ಎಂಬ ಹೆಣ್ಣು ಮಗು. ಗಂಡು ಮಗು ಹುಟ್ಟಿದ್ದು ಐಸೆತ್ ಎಂಬ ಇನ್ನೊಬ್ಬ ಹೆಂಡತಿಗೆ. ಕ್ರಿ.ಪೂ. 1479ರ ಸುಮಾರಿಗೆ ಗಂಡ ತೀರಿಕೊಂಡಾಗ ಆ ಹುಡುಗ ಇನ್ನೂ ಎಳೆಯ ಮಗು. ಅವನಿಗೇ ಮೂರನೆಯ ಥುತ್ಮೋಸನೆಂದು ಪಟ್ಟ ಕಟ್ಟಿದರು. ರಾಜ್ಯಭಾರ ಮಾತ್ರ ಹಾತ್‌ಶೆಪ್ಸುತ್‌ಳ ಕೈಯಲ್ಲಿತ್ತೆಂದು ಆ ಕಾಲದ ಅಧಿಕಾರಿ ಇನೇನಿ ತನ್ನ ಸಮಾಧಿಯ ಬರಹದಲ್ಲಿ ಹೇಳಿಕೊಂಡಿದ್ದಾನೆ. ಮಗುವಿಗೆ ಅವಳು ಮಲತಾಯಿಯೂ ಹೌದು, ಸೋದರತ್ತೆಯೂ ಹೌದು.

ಇಲ್ಲಿಯವರೆಗೆ ಹೊಸದೇನೂ ಇಲ್ಲ. ಮಗ ದೊಡ್ಡವನಾಗುವವರೆಗೆ ವಿಧವೆ ರಾಜ್ಯ ನೋಡಿಕೊಳ್ಳುವುದು ಎಲ್ಲ ಕಡೆಯೂ ಉಂಟು. ಆದರೆ ಏಳನೆಯ ವರ್ಷದ ಹೊತ್ತಿಗೆ ಅವಳು ರಾಣಿಯಾಗಿ ಉಳಿದಿರಲಿಲ್ಲ, ರಾಜನಾಗಿದ್ದಳು. ಮಾತ್‌ಕಾರೆ ಎಂಬ ಪಟ್ಟದ ಹೆಸರು ಇಟ್ಟುಕೊಂಡಳು. ಇದರಲ್ಲಿನ 'ಮಾತ್' ಎಂದರೆ ನಮ್ಮ ಋತ ಅಥವಾ ಧರ್ಮ ಎಂಬಂಥ ಮಾತು. ಲೋಕವನ್ನು ಅಡ್ಡದಾರಿ ಹಿಡಿಯದಂತೆ ನಿಲ್ಲಿಸುವ ಶಕ್ತಿ, ಅದನ್ನು ಕಾಪಾಡುವುದೇ ರಾಜನ ಮೊದಲ ಕರ್ತವ್ಯ. ಉತ್ತರ ದಕ್ಷಿಣ ಎರಡೂ ಈಜಿಪ್ಟುಗಳ ಕೆಂಪು ಬಿಳಿ ಕಿರೀಟಗಳನ್ನು ಧರಿಸಿದಳು. ಗದ್ದಕ್ಕೆ ಗಡ್ಡ ಕಟ್ಟಿಕೊಂಡಳು.

ಈ ಗಡ್ಡದ ಬಗ್ಗೆ ನಗುವವರು ಬಹಳ. ಹೆಂಗಸು ಗಂಡಸಿನ ವೇಷ ಹಾಕಿದಳು ಎಂದು ಹೇಳಿದರೆ ನಾಟಕದ ಕಂಪನಿಯ ದೃಶ್ಯದ ಹಾಗೆ ಕಾಣುತ್ತದೆ. ಆದರೆ ಒಂದು ಮಾತು ನೆನಪಿರಲಿ. ಈಜಿಪ್ಟಿನ ರಾಜರೆಲ್ಲರ ಗಡ್ಡವೂ ಕಟ್ಟಿಕೊಂಡದ್ದೇ! ಅಲ್ಲಿನ ಗಣ್ಯರು ಸಾಮಾನ್ಯವಾಗಿ ಮುಖ ನುಣ್ಣಗೆ ಬೋಳಿಸಿಕೊಂಡು, ಉತ್ಸವದ ದಿನ ಪಟ್ಟಿಯಿಂದ ಬಿಗಿದ ಸುಳ್ಳು ಗಡ್ಡ ಧರಿಸುತ್ತಿದ್ದರು. ಗಂಡಸರು ಕಟ್ಟಿಕೊಂಡರೆ ರಾಜಚಿಹ್ನೆ, ಹೆಂಗಸು ಕಟ್ಟಿಕೊಂಡರೆ ವೇಷ ಎಂದರೆ ಹೇಗೆ? ತಾನು ಹೆಣ್ಣೆಂಬುದನ್ನು ಅವಳು ಮುಚ್ಚಿಡಲೂ ಇಲ್ಲ. ಶಾಸನಗಳಲ್ಲಿ ತನ್ನನ್ನು ಸೂರ್ಯದೇವ ರೆಯ ಮಗಳು ಎಂದೇ ಕರೆದುಕೊಂಡಳು.

ಪಟ್ಟಕ್ಕೆ ಬರಲು ಅವಳು ಆರಿಸಿಕೊಂಡ ದಾರಿಯನ್ನು ನಾವು ಹೆಂಗಸರು ಗಮನಿಸಬೇಕು. ಸತ್ತ ರಾಜನ ಹೆಂಡತಿ ಎಂದು ಅವಳು ಹಕ್ಕು ಸಾಧಿಸಲಿಲ್ಲ. ರಾಜನ ಮಗಳು ಎಂದು ಸಾಧಿಸಿದಳು. ಥೀಬ್ಸ್ ನಗರದ ಎದುರಿಗೆ, ನೈಲ್ ನದಿಯ ಪಶ್ಚಿಮಕ್ಕೆ, ದೇರ್ ಎಲ್ ಬಹ್ರಿಯ ಬಂಡೆಯ ಬುಡದಲ್ಲಿ ಅವಳು ಕಟ್ಟಿಸಿದ ಮೂರು ಅಂತಸ್ತಿನ ದೇಗುಲದ ಗೋಡೆಯ ಮೇಲೆ ತನ್ನ ಜನ್ಮವೃತ್ತಾಂತವನ್ನೇ ಕೆತ್ತಿಸಿದಳು. ಅಮುನ್ ದೇವರು ಅವಳ ತಂದೆಯ ರೂಪದಲ್ಲಿ ತಾಯಿಯ ಬಳಿ ಬರುತ್ತಾನೆ. ಖ್ನುಮ್ ಎಂಬ ಕುಂಬಾರ ದೇವರು ತಿಗರಿಯ ಮೇಲೆ ಮಗುವನ್ನು ಮಾಡುತ್ತಾನೆ. ಮುಂದೆ ತಂದೆ ಥುತ್ಮೋಸ್ ತುಂಬಿದ ಸಭೆಯಲ್ಲಿ ಇವಳೇ ನನ್ನ ಉತ್ತರಾಧಿಕಾರಿ ಎಂದು ಸಾರುತ್ತಾನೆ. ಅಂಥ ಸಭೆ ನಡೆದಿತ್ತು ಎಂದು ಚರಿತ್ರಕಾರರು ನಂಬುವುದಿಲ್ಲ. ತನಗೆಂದು ಮಾಡಿಸಿದ್ದ ಕಲ್ಲಿನ ಶವಪೆಟ್ಟಿಗೆಯೊಂದನ್ನು ತಂದೆಯ ಹೆಸರಿಗೆ ತಿದ್ದಿಸಿದಳು. ತನ್ನ ಸಮಾಧಿಯಲ್ಲಿಯೇ ತಂದೆಗೂ ಜಾಗ ಮಾಡಿದಳು. ಮಣ್ಣು ಮಾಡಿದವನಿಗೆ ಪಟ್ಟ ಎಂದೆನಲ್ಲ, ಆ ಪದ್ಧತಿಯನ್ನೇ ಅವಳು ಮಗಳ ಕಡೆಗೆ ತಿರುಗಿಸಿದಳು. 2025ರಲ್ಲಿ ಅವಳ ಗಂಡ ಎರಡನೆಯ ಥುತ್ಮೋಸನ ಸಮಾಧಿ ಸಿಕ್ಕ ಸುದ್ದಿ ಪ್ರಕಟವಾಯಿತು. ಅಲ್ಲಿದ್ದ ಅಮೃತಶಿಲೆಯಂಥ ಬಿಳಿಯ ಪಾತ್ರೆಗಳ ಚೂರುಗಳ ಮೇಲೆ ಅವನ ಹೆಸರಿನ ಜೊತೆಗೆ ಪಟ್ಟದರಸಿಯಾಗಿ ಇವಳ ಹೆಸರೂ ಇದೆ. ಗಂಡನ ಅಂತ್ಯಕ್ರಿಯೆಯ ಏರ್ಪಾಡನ್ನೂ ಇವಳೇ ನೋಡಿಕೊಂಡಳು ಎಂದು ಅಗೆದವರ ಅಭಿಪ್ರಾಯ.

ಆಳ್ವಿಕೆ ಹೇಗಿತ್ತು? ಎರಡು ದಶಕ ನಾಡು ಸುಭಿಕ್ಷವಾಗಿತ್ತು. ಒಂಬತ್ತನೆಯ ವರ್ಷದಲ್ಲಿ ಕೆಂಪು ಸಮುದ್ರದ ದಕ್ಷಿಣಕ್ಕಿದ್ದ ಪುಂಟ್ ದೇಶಕ್ಕೆ ಐದು ಹಡಗುಗಳನ್ನು ಕಳಿಸಿದಳು. ಚಿನ್ನ, ದಂತ, ಕರಿಮರ, ಚಿರತೆಯ ಚರ್ಮ, ಕೋತಿಗಳು ಬಂದವು. ಎಲ್ಲಕ್ಕಿಂತ ಸೊಗಸಾದದ್ದು ಧೂಪದ ಅಂಟು ಕೊಡುವ ಮರಗಳು. ಬೇರಿನ ಮಣ್ಣು ಕದಲದಂತೆ ಬುಟ್ಟಿಯಲ್ಲಿಟ್ಟು, ಕೋಲಿಗೆ ಕಟ್ಟಿ ಹೊತ್ತು ತರುವ ಆಳುಗಳ ಚಿತ್ರ ಗೋಡೆಯ ಮೇಲಿದೆ. ತವರಿನಿಂದ ಮಲ್ಲಿಗೆ ಬಳ್ಳಿಯನ್ನು ಮಣ್ಣು ಸಮೇತ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿ ತರುವ ನಮಗೆ ಆ ಚಿತ್ರ ಅಪರಿಚಿತವಲ್ಲ. ಕಾರ್ನಾಕಿನ ದೇಗುಲದಲ್ಲಿ ಅವಳು ನಿಲ್ಲಿಸಿದ ಏಕಶಿಲಾ ಸ್ತಂಭಗಳಲ್ಲಿ ಒಂದು ಇಂದಿಗೂ ನಿಂತಿದೆ. ಎತ್ತರ ಸುಮಾರು 30 ಮೀಟರ್, ತೂಕ 300 ಟನ್ನಿಗೂ ಹೆಚ್ಚು. ಬಂಡೆಯಿಂದ ಬಿಡಿಸಿ ತೆಗೆಯುವ ಕೆಲಸ ಏಳು ತಿಂಗಳಲ್ಲಿ ಮುಗಿಯಿತೆಂದು ಬುಡದಲ್ಲಿ ಬರೆಸಿದ್ದಾಳೆ.

ಇನ್ನು ಮಲಮಗನ ವಿಷಯ. ಹಳೆಯ ಚರಿತ್ರೆಯ ಪುಸ್ತಕಗಳಲ್ಲಿ ಹಾತ್‌ಶೆಪ್ಸುತ್ ಎಂದರೆ ಮಗುವಿನ ಸಿಂಹಾಸನ ಕಸಿದುಕೊಂಡ ದುಷ್ಟ ಮಲತಾಯಿ. ಅವಳ ಅಧಿಕಾರಿ ಸೆನೆನ್‌ಮುತ್ ನೆಫೆರುರೆಯನ್ನು ಮಡಿಲಲ್ಲಿ ಕೂರಿಸಿಕೊಂಡ ವಿಗ್ರಹಗಳಿವೆ. ಅವನು ಆ ಮಗುವಿನ ಪಾಲಕ. ಅಷ್ಟು ಸಾಕಾಯಿತು, ಅವನೊಡನೆ ಅವಳಿಗೆ ಸಂಬಂಧ ಕಟ್ಟಿದರು. ಅಧಿಕಾರದಲ್ಲಿರುವ ಹೆಂಗಸಿನ ಬಗ್ಗೆ ಮೊದಲು ಹುಟ್ಟುವ ಮಾತು ಇದೇ ಅಲ್ಲವೇ? ಆದರೆ ಕಲ್ಲುಗಳು ಬೇರೆಯೇ ಹೇಳುತ್ತವೆ. ಹುಡುಗನನ್ನು ಅವಳು ಕೊಲ್ಲಿಸಲಿಲ್ಲ, ಸೆರೆಯಲ್ಲಿಡಲಿಲ್ಲ, ಪಟ್ಟದಿಂದ ಇಳಿಸಲೂ ಇಲ್ಲ. ವರ್ಷಗಳನ್ನು ಅವನ ಆಳ್ವಿಕೆಯ ಲೆಕ್ಕದಲ್ಲಿಯೇ ಎಣಿಸಿದಳು. ಕೆತ್ತನೆಗಳಲ್ಲಿ ಇಬ್ಬರೂ ರಾಜರಾಗಿ ಜೊತೆಗೆ ನಿಂತಿದ್ದಾರೆ, ಅವಳು ಮುಂದೆ, ಅವನು ಹಿಂದೆ. ಕ್ರಿ.ಪೂ. 1458ರ ಸುಮಾರಿಗೆ ಅವಳು ಕಾಲವಾದ ಮೇಲೆ ಅವನು ಸೈನ್ಯ ತೆಗೆದುಕೊಂಡು ಮೆಗಿದ್ದೋ ಕೋಟೆಯ ಮೇಲೆ ಹೋಗಿ ಗೆದ್ದ. ಈಜಿಪ್ಟಿನ ಮಹಾ ದಂಡನಾಯಕನೆಂದು ಹೆಸರಾದ. ಕತ್ತಲೆ ಕೋಣೆಯಲ್ಲಿ ಬೆಳೆಸಿದ ಹುಡುಗ ಹಾಗಾಗುವುದಿಲ್ಲ. ಅವನನ್ನು ತಯಾರು ಮಾಡಿದ ಕೈ ಯಾವುದು ಎಂದು ಯಾರೂ ಕೇಳಲಿಲ್ಲ.

ಆದರೂ ಅವಳ ಹೆಸರನ್ನು ಅಳಿಸಿದವನು ಅವನೇ. ದೇಗುಲಗಳ ಗೋಡೆಗಳಲ್ಲಿ ಅವಳ ಆಕೃತಿಯನ್ನು ಉಳಿಯಿಂದ ಕೆತ್ತಿ ತೆಗೆಸಿದ. ಅಂಡಾಕಾರದ ಚೌಕಟ್ಟಿನೊಳಗಿನ ಅವಳ ಹೆಸರನ್ನು ತೆಗೆದು ಒಂದನೆಯ ಥುತ್ಮೋಸ್, ಎರಡನೆಯ ಥುತ್ಮೋಸ್ ಎಂದು ಬರೆಸಿದ. ನೋಡಿ, ಅವಳ ಹೆಸರಿನ ಜಾಗದಲ್ಲಿ ಬಂದದ್ದು ತಂದೆಯ ಹೆಸರು ಮತ್ತು ಗಂಡನ ಹೆಸರು.

ಸಿಟ್ಟಿನಿಂದ ಮಾಡಿದ ಎಂದು ಬಹುಕಾಲ ನಂಬಿದ್ದರು. ಆದರೆ ಈ ಅಳಿಸುವ ಕೆಲಸ ಶುರುವಾದದ್ದು ಅವಳು ಸತ್ತು ಇಪ್ಪತ್ತು ವರ್ಷವಾದ ಮೇಲೆ ಎಂದು ನಂತರ ತಿಳಿಯಿತು. ಸಿಟ್ಟು ಅಷ್ಟು ದಿನ ಕಾಯುವುದಿಲ್ಲ. ಆಗ ಅವನಿಗೆ ವಯಸ್ಸಾಗಿತ್ತು. ಮಗ ಎರಡನೆಯ ಅಮೆನ್‌ಹೋಟೆಪ್‌ಗೆ ಪಟ್ಟ ಉಳಿಸಿಕೊಡುವ ಚಿಂತೆ ಹತ್ತಿತ್ತು. ಅಜ್ಜ, ಅಪ್ಪ, ಮಗ, ಮೊಮ್ಮಗ ಎಂದು ನೇರವಾದ ಗೆರೆ ಎಳೆಯಬೇಕಾದರೆ ನಡುವೆ ಒಬ್ಬ ಹೆಂಗಸು ಅಡ್ಡವಾಗುತ್ತಿದ್ದಳು ಎಂದು ಅನೇಕ ವಿದ್ವಾಂಸರು ಊಹಿಸುತ್ತಾರೆ. ದ್ವೇಷದಿಂದ ಅಳಿಸಿದ್ದಕ್ಕಿಂತ ಲೆಕ್ಕ ಸರಿಹೊಂದಿಸಲು ಅಳಿಸಿದ್ದು ನನಗೆ ಹೆಚ್ಚು ನೋವಿನ ಸಂಗತಿಯಾಗಿ ಕಾಣುತ್ತದೆ. ದ್ವೇಷಿಸುವವನಾದರೂ ಅವಳಿದ್ದಳೆಂದು ಒಪ್ಪಿರುತ್ತಾನೆ.

ಅಬೈಡೋಸಿನಲ್ಲಿ ಮುಂದೆ ಸೇತಿ ಎಂಬ ರಾಜ ತನ್ನ ಪೂರ್ವಜರ ಪಟ್ಟಿಯನ್ನು ಕೆತ್ತಿಸಿದ. 76 ಹೆಸರುಗಳು, ಅವುಗಳಲ್ಲಿ ಹಾತ್‌ಶೆಪ್ಸುತ್ ಇಲ್ಲ. ಕಾರ್ನಾಕಿನಲ್ಲಿ ಅವಳ ಸ್ತಂಭಗಳ ಸುತ್ತ ಗೋಡೆ ಕಟ್ಟಿ ಮುಚ್ಚಿದರು. ದೇರ್ ಎಲ್ ಬಹ್ರಿಯ ವಿಗ್ರಹಗಳನ್ನು ಒಡೆದು ಗುಂಡಿಗಳಿಗೆ ತುಂಬಿದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದವರು 1920ರ ದಶಕದಲ್ಲಿ ಅವನ್ನು ಅಗೆದು ತೆಗೆದು ಚೂರು ಚೂರಾಗಿ ಜೋಡಿಸಿದರು. ಈ ವಿಗ್ರಹಗಳನ್ನೂ ಆಕ್ರೋಶದಿಂದ ಒಡೆದದ್ದಲ್ಲ, ಸತ್ತ ರಾಜರ ವಿಗ್ರಹಗಳ ಶಕ್ತಿ ತೆಗೆಯಲು ಕುತ್ತಿಗೆ, ಸೊಂಟ, ಮೊಣಕಾಲುಗಳಲ್ಲಿ ಒಡೆಯುವ ವಾಡಿಕೆಯಿತ್ತು ಎಂದು 2025ರ ಒಂದು ಅಧ್ಯಯನ ಹೇಳುತ್ತದೆ.

ಅಳಿಸುವವರು ಒಂದನ್ನು ಮರೆತಿದ್ದರು. ಈಜಿಪ್ಟಿನ ಭಾಷೆಯಲ್ಲಿ ಹೆಣ್ಣಿಗೆ ಬೇರೆ ಪ್ರತ್ಯಯವಿದೆ. ಹೆಸರು ತೆಗೆದರು, ಸುತ್ತಲಿನ ವಾಕ್ಯಗಳಲ್ಲಿ ಆ ಪ್ರತ್ಯಯಗಳು ಅಲ್ಲಲ್ಲಿ ಉಳಿದುಬಿಟ್ಟವು. 1822ರಲ್ಲಿ ಚಿತ್ರಲಿಪಿಯ ಗುಟ್ಟು ಬಿಡಿಸಿದ ಫ್ರಾನ್ಸಿನ ಶಾಂಪೋಲಿಯೋ 1828-29ರಲ್ಲಿ ಈಜಿಪ್ಟಿಗೆ ಹೋದಾಗ ಆ ಗೋಡೆಯ ಮುಂದೆ ನಿಂತು ಬೆರಗಾದ. ಗಡ್ಡವಿರುವ ರಾಜ, ಆದರೆ ಕ್ರಿಯಾಪದ ಸರ್ವನಾಮಗಳೆಲ್ಲ ಸ್ತ್ರೀಲಿಂಗ! ಮೂರು ಸಾವಿರದ ಮುನ್ನೂರು ವರ್ಷ ಅಡಗಿದ್ದವಳನ್ನು ಹೊರಗೆಳೆದದ್ದು ವ್ಯಾಕರಣ. ವ್ಯಾಕರಣವೆಂದರೆ ಮೂಗು ಮುರಿಯುವ ನನ್ನ ವಿದ್ಯಾರ್ಥಿನಿಯರಿಗೆ ಈ ಸಂಗತಿಯನ್ನು ಪ್ರತಿವರ್ಷ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಅಜ್ಜ ಬರೆಸಿಟ್ಟ ವಂಶವೃಕ್ಷವೊಂದಿದೆ. ಏಳು ತಲೆಮಾರಿನ ಗಂಡಸರ ಹೆಸರುಗಳು ಕೊಂಬೆ ಕೊಂಬೆಯಾಗಿ ಹರಡಿವೆ, ಒಬ್ಬ ಹೆಣ್ಣಿನ ಹೆಸರೂ ಇಲ್ಲ. ಅವರೆಲ್ಲ ತಮ್ಮಷ್ಟಕ್ಕೆ ತಾವೇ ಹುಟ್ಟಿದಂತಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣು ಮಕ್ಕಳಿಗೂ ಸಮಪಾಲೆಂದು ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶದಲ್ಲಿ 2005ರಲ್ಲಿ ಕಾಯಿದೆ ಬಂತು. ಆಸ್ತಿಯ ಕಾಗದದಲ್ಲಿ ಈಗ ಹೆಸರು ಬರುತ್ತದೆ, ಹಳೆಯ ಮರದಲ್ಲಿ ಬರುವುದಿಲ್ಲ. ನನ್ನ ಸೋದರತ್ತೆಯ ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಕುಳಿತು ಕೇಳಿದಾಗ ಮೂರು ತಲೆಮಾರಿನವರೆಗೆ ಹೆಸರು ಹೇಳಿದರು. ಅದಕ್ಕೂ ಹಿಂದಿನವರನ್ನು ಕೇಳಿದರೆ, "ಅವ್ವ ಅಂತಿದ್ವಿ ಕಣೆ, ಹೆಸರು ಯಾರು ಕೇಳಿದ್ರು?" ಎಂದರು. ಅಲ್ಲಿ ಉಳಿಯಿಂದ ಕೆತ್ತಿ ತೆಗೆಯಬೇಕಾಯಿತು. ಇಲ್ಲಿ ಬರೆಯಲೇ ಇಲ್ಲ, ಆದ್ದರಿಂದ ಅಳಿಸುವ ಶ್ರಮವೂ ಬೀಳಲಿಲ್ಲ.

ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟು: ಮಗಳೂ ರಾಜನಾಗಬಹುದಿತ್ತು, ಆಗಿದ್ದಳು ಕೂಡ, ಆದರೆ ಆದದ್ದನ್ನು ಬರೆದಿಡುವವರೂ ಬೇಕಾಗುತ್ತದೆ. ಹಾತ್‌ಶೆಪ್ಸುತ್‌ಗೆ ಇದು ಗೊತ್ತಿತ್ತೆಂದು ತೋರುತ್ತದೆ. ಮುಂದಿನ ಜನ ತನ್ನ ಕೆಲಸಗಳನ್ನು ನೋಡಿ ಏನೆಂದು ಮಾತಾಡಿಕೊಳ್ಳುವರೋ ಎಂಬ ಅಳುಕನ್ನು ಅವಳು ಆ ಸ್ತಂಭದ ಬುಡದಲ್ಲಿಯೇ ತೋಡಿಕೊಂಡಿದ್ದಾಳೆ. ಆ ಸ್ತಂಭವನ್ನು ಮರೆಮಾಡಲು ಸುತ್ತ ಕಟ್ಟಿದ ಗೋಡೆಯೇ ಬಿಸಿಲು, ಮಳೆ, ಮನುಷ್ಯರ ಕೈಗಳಿಂದ ಕೆಳಭಾಗದ ಕೆತ್ತನೆಯನ್ನು ಕಾಪಾಡಿತು. ಗೋಡೆ ಬಿದ್ದುಹೋಗಿ ಬಹಳ ಕಾಲವಾಗಿದೆ. ಅಕ್ಷರಗಳು ಇನ್ನೂ ಓದುವ ಹಾಗಿವೆ.